ಮೇಸ್ತ್ರಿಯ ಚಿಲಕ

ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಹೊರಗೆ ಬಂದವಳ ಕಣ್ಣಿಗೆ ಬಿದ್ದದ್ದು ಮುಚ್ಚಿದ ಬಾಗಿಲು. ಸ್ನಾನಕ್ಕೆ ಹೋಗುವ ಮುಂಚೆ ಮಕ್ಕಳ ಕೋಣೆಯ ಆ ಬಾಗಿಲನ್ನು ಪೂರ್ತಿ ತೆರೆದು, ಅದರಡಿಯಲ್ಲಿ ಗಂಡನ ಹಳೇ ಚಪ್ಪಲಿ ಸಿಕ್ಕಿಸಿ ಹೋಗಿದ್ದಳು. ಚಪ್ಪಲಿ ಈಗ ಹಜಾರದ ನಡುವೆ ಬಿದ್ದಿತ್ತು. ತಲೆಗೆ ನೀರು ಹೊಯ್ದುಕೊಳ್ಳುತ್ತಿದ್ದಾಗ ಮುಂಬಾಗಿಲ ಬೆಲ್ ಆಗಿದ್ದು ಕೇಳಿಸಿತ್ತು. ಯಾರೋ ಮನೆ ತಪ್ಪಿ ಬಂದವರು, ಅವರಾಗಿಯೇ ಹೋಗುತ್ತಾರೆ ಎಂದುಕೊಂಡಿದ್ದಳು. ಹೋಗಿಯೂ ಇದ್ದರು.

ಬಾಗಿಲು ತಳ್ಳಿದಳು. ಅಲುಗಲಿಲ್ಲ.

"ಮೇಸ್ತ್ರೀ, ಬಾಗಿಲು ತೆಗಿ ಪುಟ್ಟಾ."

ಮೇಸ್ತ್ರಿ ಎಂದರೆ ಮಗಳು. ಇನ್ನೂ ಶಾಲೆಯ ಮುಖ ಕಂಡವಳಲ್ಲ. ಅವಳಪ್ಪ ಬಡಗಿ, ಬಾಗಿಲು ಕಪಾಟು ಮಾಡುವುದು ಅವನ ಕಸುಬು. ಅಳತೆಯ ಟೇಪು ಹಿಡಿದು ಅವನ ಹಿಂದೆ ಹಿಂದೆ "ಇಲ್ಲಿ ಸೊಟ್ಟ, ಅಲ್ಲಿ ಸೊಟ್ಟ" ಎಂದು ತಿರುಗುತ್ತಿದ್ದವಳಿಗೆ ಅವನೇ ಇಟ್ಟ ಹೆಸರು ಅದು.

"ಯಾರು?" ಒಳಗಿನಿಂದ ಸಣ್ಣ ದನಿ.

"ನಾನು ಕಣೇ, ಅಮ್ಮ."

"ಅಮ್ಮ ಅಂತ ಯಾರ್ ಬೇಕಾದ್ರೂ ಹೇಳ್ಬೋದು."

ಅಕ್ಷರ ಅಕ್ಷರವೂ ಅಪ್ಪನ ಮಾತು. ಅವಳ ಬೆನ್ನಿನ ಮೇಲೆ ಇಳಿಯುತ್ತಿದ್ದ ನೀರು ತಣ್ಣಗಾಯಿತು.

ಹಿಂದಿನ ಬಾಡಿಗೆ ಮನೆಯಲ್ಲಿ ಒಂದು ಸಂಜೆ ಅಪರಿಚಿತನೊಬ್ಬ ನೇರ ಒಳಗೆ ಬಂದು ಮಂಚದ ಮೇಲೆ ಕೂತುಬಿಟ್ಟಿದ್ದ. ಅವಳು ಅಡುಗೆಮನೆಯ ಮೂಲೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು, ಆ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ. ಆತ ಕಳ್ಳನಲ್ಲ, ಮೇಲಿನ ಮನೆಯವರ ನೆಂಟ, ಮಹಡಿ ತಪ್ಪಿ ಬಂದಿದ್ದ. ಆದರೆ ಗಂಡನ ತಲೆಗೆ ಹುಳ ಹೊಕ್ಕಿತು. ಅಂದಿನಿಂದ ಅಪ್ಪ ಮಗಳ ನಡುವೆ ಒಂದು ಕಟ್ಟಳೆ. ಅಮ್ಮ ಕಣ್ಣಿಗೆ ಕಾಣದಿರುವಾಗ ಬೆಲ್ ಆದರೆ ಕೋಣೆಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು. ಯಾರೇ ಕರೆದರೂ ಒಂದು ಪ್ರಶ್ನೆ ಕೇಳಬೇಕು, ಮನೆಯವರಿಗೆ ಮಾತ್ರ ಗೊತ್ತಿರುವಂಥದ್ದು. ಸರಿಯಾಗಿ ಹೇಳಿದರೆ ಮಾತ್ರ ತೆಗೆಯಬೇಕು.

ಹೊಸ ಮನೆಗೆ ಬಂದ ಮೇಲೆ ಆ ಕಟ್ಟಳೆಗೆ ಒಂದು ಹಿತ್ತಾಳೆ ಚಿಲಕವೂ ಸಿಕ್ಕಿತು. ಮಗಳ ಸೊಂಟದ ಎತ್ತರಕ್ಕೆ, ಬೆರಳಲ್ಲಿ ದೂಡಿದರೆ ಜಾರುವಂಥದ್ದು.

"ಇಷ್ಟುದ್ದದ ಮಗೂಗೆ ಯಾಕ್ರೀ ಚಿಲಕ?" ಎಂದು ಅವಳು ಜಗಳ ತೆಗೆದಿದ್ದಳು.

"ಅವಳ ರೂಮು, ಅವಳ ಚಿಲಕ. ತಮ್ಮ ಹುಟ್ಟಿದ ಮೇಲೆ ಅವಳದು ಅಂತ ಈ ಮನೇಲಿ ಇನ್ನೇನು ಉಳಿದಿದೆ ಹೇಳು."

ಆ ಮಾತು ನಿಜವಾಗಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಬಂದಿತ್ತು.

ಆ ತಮ್ಮನೂ ಈಗ ಒಳಗಿದ್ದ. ಹುಟ್ಟಿ ಎರಡು ತಿಂಗಳು ತುಂಬದ ಕೂಸು. ಹಾಲು ಕುಡಿಸಿ, ನೆಲದ ಮೇಲೆ ಹಾಸಿಗೆ ಹಾಕಿ ಮಲಗಿಸಿ ಬಂದಿದ್ದಳು. ಮೂರನೇ ಮಹಡಿ. ವಾರ್ನಿಶ್ ವಾಸನೆಗೆ ಕೂಸು ಸೀನುತ್ತಿದೆಯೆಂದು ಬೆಳಿಗ್ಗೆ ಕಿಟಕಿ ತೆರೆದವಳು ಅವಳೇ. ಕಿಟಕಿಯ ಕೆಳಗೆ ಗಂಡ ಮಾಡಿದ ಅಗಲ ಬೆಂಚು, ಹತ್ತಿ ನಿಂತರೆ ಮಗಳ ಎದೆ ಕಿಟಕಿಯ ಕೆಳಚೌಕಟ್ಟಿಗಿಂತ ಮೇಲಕ್ಕೆ ಬರುತ್ತಿತ್ತು. ಆ ಕಿಟಕಿಗೆ ಹಾಕಬೇಕಾದ ಕಬ್ಬಿಣದ ಜಾಲರಿ ಇಗೋ ಇಲ್ಲೇ, ಹಜಾರದಲ್ಲಿ, ಮನೆ ಸೇರಿದ ದಿನದಿಂದ ಗೋಡೆಗೆ ಒರಗಿತ್ತು. "ಊರೋರ ಕಿಟಕಿಗೆಲ್ಲ ಹಾಕ್ತೀರಿ, ನಮ್ದು ಇಲ್ಲಿ ನಿದ್ದೆ ಹೊಡೀತಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ." "ಈ ಭಾನುವಾರ ಗ್ಯಾರಂಟಿ ಕಣೇ." ಭಾನುವಾರಗಳು ಬಂದವು, ಹೋದವು.

"ಸರಿ, ಕೇಳು ನಿನ್ನ ಪ್ರಶ್ನೆ," ಎಂದಳು.

"ನಿನ್ನೆ ನಾನು ಮರದ ತುಂಡಲ್ಲಿ ಏನು ಕಟ್ದೆ?"

ನಿನ್ನೆ. ಅವಳು ನಿನ್ನೆಯನ್ನು ಹುಡುಕಿದಳು. ಕೂಸಿಗೆ ಹೊಟ್ಟೆನೋವು, ಬಟ್ಟೆ ಒಗೆದದ್ದು, ಮತ್ತೆ ಕೂಸು. ಮಗಳು ಎಲ್ಲಿದ್ದಳು? ಎಲ್ಲೋ ಇದ್ದಳು. ಮರದ ತುಂಡುಗಳು ಟಕಟಕ ಎನ್ನುತ್ತಿದ್ದವು. "ಅಮ್ಮಾ ನೋಡು" ಎಂದಿರಬೇಕು. "ಹೂಂ, ಚೆನ್ನಾಗಿದೆ" ಎಂದಿರಬೇಕು, ತಲೆಯೆತ್ತದೆ.

"ಮನೆ," ಎಂದಳು.

"ಅಲ್ಲ."

"ಮಂಚ. ಗೋಪುರ."

"ನಮ್ಮಮ್ಮಂಗಾದ್ರೆ ಗೊತ್ತಿರ್ತಿತ್ತು." ದನಿ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿಯಿತು.

ಅವಳು ಫೋನಿಗೆ ಓಡಿದಳು. ಗಂಡ ಎತ್ತಿದಾಗ ಹಿನ್ನೆಲೆಯಲ್ಲಿ ಗರಗಸ ಕಿರ್ರೆನ್ನುತ್ತಿತ್ತು. ಮಾತೆಲ್ಲ ಎರಡು ಸಲ ಹೇಳಬೇಕಾಯಿತು.

"ನಿನ್ನೆ ಏನು ಕಟ್ಟಿದ್ಲು? ಬೇಗ ಹೇಳ್ರೀ."

ಗರಗಸ ನಿಂತಿತು. "ನಂಗೆಲ್ಲಿ ಗೊತ್ತು. ನಾನು ಬರೋ ಹೊತ್ತಿಗೆ ಮಲಗಿಬಿಟ್ಟಿದ್ಲಲ್ಲ."

"ನಿಮ್ಮ ಕಟ್ಟಳೆ. ನಿಮ್ಮ ಚಿಲಕ. ನಿಮಗೇ ಗೊತ್ತಿಲ್ಲ."

"ಹೊರಟೆ. ಈಗ್ಲೇ ಹೊರಟೆ. ಕಿಟಕಿ ಮುಚ್ಚಿದೆ ತಾನೇ?"

ಅವಳು ಫೋನಿಟ್ಟಳು. ಅವನು ಊರಿನ ಆ ತುದಿಯಲ್ಲಿದ್ದ.

ಬಾಗಿಲಿಗೆ ಓಡಿ ಬಂದಳು. ಎರಡೂ ಅಂಗೈಯಿಂದ ಬಡಿದಳು. "ತೆಗಿ ಅಂದೆ ತೆಗಿ! ತಮಾಷೆ ಮಾಡ್ಬೇಡ!" ದನಿ ಒಡೆದು, ಕೊನೆಗೆ ಅದು ಯಾರ ದನಿಯೋ ಆಯಿತು. ಒಳಗೆ ಕೂಸು ಬೆಚ್ಚಿ ಅಳತೊಡಗಿತು.

"ನಮ್ಮಮ್ಮ ಹಿಂಗೆ ಕಿರಚಲ್ಲ," ಎಂದಿತು ಒಳಗಿನ ದನಿ. ಅದೂ ಈಗ ನಡುಗುತ್ತಿತ್ತು.

ಗದ್ದಲ ಕೇಳಿ ಎದುರುಮನೆಯವರು ಮುಂಬಾಗಿಲು ತಟ್ಟಿದರು, ಅವಳು ಓಡಿಹೋಗಿ ತೆರೆದಳು. ಬಸ್ ಡ್ರೈವರ್, ರಾತ್ರಿ ಪಾಳಿ ಮುಗಿಸಿ ಮಲಗಿದ್ದವರು, ಬನಿಯನ್ನಿನಲ್ಲೇ ಎದ್ದು ಬಂದಿದ್ದರು. ಅವರದು ಕೊನೆಯ ಸೀಟಿಗೂ ಕೇಳುವಂಥ ಗಂಟಲು.

"ಏನಾಯ್ತು ತಂಗಿ? ಸರಿ ಆಚೆ." ಮುಷ್ಟಿ ಕಟ್ಟಿ ದಬದಬನೆ ಗುದ್ದಿದರು. "ಪಾಪಾ, ನಾನು ಕಣಮ್ಮ, ಡ್ರೈವರ್ ತಾತ. ಬಾಗಿಲು ತೆಗಿ."

ಒಳಗೆ, ಕೂಸಿಗೆ ಹೇಳುವಂತೆ, ಪಿಸುದನಿ: "ಈಗ ಇಬ್ರಾದ್ರು. ಅಳ್ಬೇಡ ಪಾಪು. ನಿನ್ನನ್ನ ಕಿಟಕಿ ಹತ್ರ ಬಚ್ಚಿಡ್ತೀನಿ. ಯಾರಿಗೂ ಸಿಗಲ್ಲ."

ಏನನ್ನೋ ಎಳೆಯುವ ಸದ್ದು. ಬೆಂಚಿನ ಹಲಗೆಯ ಮೇಲೆ ಪುಟ್ಟ ಪಾದಗಳು.

"ಭುಜ ಕೊಟ್ರೆ ಬಾಗಿಲು ಬಿದ್ದೋಗುತ್ತೆ," ಎಂದು ಡ್ರೈವರ್ ಹಿಂದೆ ಸರಿದು ನಿಂತರು.

ಬೀಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಇರುವೆ ನುಸುಳಲೂ ಸಂದಿಯಿಲ್ಲದ ಹಾಗೆ ಕೂಡಿಸಿದ್ದೇನೆ ಎಂದು ಗಂಡ ಬಂದವರಿಗೆಲ್ಲ ತೋರಿಸುತ್ತಿದ್ದ ಬಾಗಿಲು. ಮೊದಲ ಏಟಿಗೆ ಬೀಳದಿದ್ದರೆ, ಎರಡನೆಯದಕ್ಕೆ ಮುಂಚೆ ಆ ಮಗು ಹೆದರಿ ಎಲ್ಲಿಗೆ ಸರಿಯುತ್ತದೆ? ಸರಿಯಲು ಅಲ್ಲಿ ಇರುವುದೊಂದೇ ಜಾಗ.

"ಬೇಡಣ್ಣ." ಹಜಾರದ ಮಂಚದ ಮೇಲಿದ್ದ ದಪ್ಪ ರಜಾಯಿಯನ್ನು ಅವರ ತೋಳಿಗೆ ತುರುಕಿದಳು. "ಕೆಳಗೆ ಹೋಗಿ. ಕಿಟಕಿ ಕೆಳಗೆ ಇನ್ಯಾರನ್ನಾದ್ರೂ ಕರ್ಕೊಂಡು ಇದನ್ನ ಹಿಡ್ಕೊಂಡು ನಿಂತ್ಕೊಳ್ಳಿ. ಕೂಗ್ಬೇಡಿ. ಅವಳು ಮೇಲಿಂದ ಬಗ್ಗಿ ನೋಡೋ ಹಾಗೆ ಏನೂ ಮಾಡ್ಬೇಡಿ."

ಡ್ರೈವರ್ ಮುಖ ಬಿಳಿಚಿತು. ರಜಾಯಿ ಅಪ್ಪಿಕೊಂಡು ಮೆಟ್ಟಿಲಿಳಿದರು.

ಕೂಸಿನ ಅಳು ನಿಂತಿತು. ಕ್ರಮೇಣ ಅಲ್ಲ, ಒಮ್ಮೆಲೇ, ಯಾರೋ ಮುಚ್ಚಳ ಹಾಕಿದಂತೆ.

ಅವಳು ಬಾಗಿಲಿಗೆ ಕಿವಿಯಿಟ್ಟಳು. ಏನೂ ಕೇಳಲಿಲ್ಲ. ಕರೆಯಬೇಕು ಎನಿಸಿತು. ಕರೆದರೆ ಆ ಒಡೆದ ದನಿಯೇ ಬರುತ್ತದೆ ಎಂದೂ ಗೊತ್ತಿತ್ತು. ತಾನು ಬಡಿದಷ್ಟೂ, ಕೂಗಿದಷ್ಟೂ, ಒಳಗಿರುವವಳಿಗೆ ತಾನು ಕಳ್ಳಿಯಾಗುತ್ತಿದ್ದೇನೆ ಎಂದು ಹೊಳೆಯಿತು. ಮಗು ಹಟ ಮಾಡುತ್ತಿಲ್ಲ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆ ಮಾಡುತ್ತಿದೆ. ತಮ್ಮನನ್ನು ಕಾಯುತ್ತಿದೆ.

ಹಾಗಾದರೆ ಅವಳಮ್ಮನ ಸದ್ದು ಯಾವುದು?

ಹಜಾರದ ಮೂಲೆಯಲ್ಲಿ ಹಳೇ ಬೆಡ್‌ಶೀಟು ಸುತ್ತಿ ಹಗ್ಗ ಕಟ್ಟಿದ್ದ ಮೆಷಿನ್ ನಿಂತಿತ್ತು. ಹೊಟ್ಟೆ ಅಡ್ಡ ಬರತೊಡಗಿದಾಗ ನಿಲ್ಲಿಸಿದ್ದ ಹೊಲಿಗೆ. ಮನೆ ಬದಲಾಯಿಸಿದ ಮೇಲೆ ಗಂಟು ಕೂಡ ಬಿಚ್ಚಿರಲಿಲ್ಲ. ಬಾಗಿಲು ಬಿಟ್ಟು ಅಲ್ಲಿಗೆ ನಡೆಯಲು ಅವಳ ಕಾಲು ಒಪ್ಪಲಿಲ್ಲ. ಒಪ್ಪಿಸಿದಳು. ಹಗ್ಗವನ್ನು ಹಲ್ಲಿನಿಂದ ಬಿಡಿಸಿದಳು. ಸೂಜಿಯಲ್ಲಿ ಇನ್ನೂ ನೀಲಿ ನೂಲಿತ್ತು. ಪಕ್ಕದ ಡಬ್ಬದಲ್ಲಿ ಮಗಳ ಅರ್ಧ ಹೊಲಿದ ಫ್ರಾಕು. ಅದನ್ನು ಸೂಜಿಯ ಕೆಳಗೆ ತಳ್ಳಿ, ಗಾಲಿಯನ್ನು ಕೈಯಲ್ಲಿ ತಿರುಗಿಸಿ, ತುಳಿದಳು.

ಮೆಷಿನ್ ನೆಟ್ಟಗೆ ಹೊಲಿಯುವ ಬದಲು ಗಡಗಡ, ಕಟಕಟ ಎಂದು ಅರಚಿತು. ಬಟ್ಟೆ ಮುಂದೆ ಹೋಗಲಿಲ್ಲ. ನೂಲು ಅಡಿಯಲ್ಲಿ ಸಿಕ್ಕುಸಿಕ್ಕಾಗಿ ಗಂಟು ಬೀಳುತ್ತಿತ್ತು. ಏನು ತಪ್ಪಿದೆಯೆಂದು ಅವಳಿಗೆ ಹೊಳೆಯಲಿಲ್ಲ. ತುಳಿಯುವುದನ್ನು ನಿಲ್ಲಿಸಲೂ ಆಗಲಿಲ್ಲ. ಕಣ್ಣು ಬಾಗಿಲ ಮೇಲಿತ್ತು, ಕಾಲು ತನ್ನಷ್ಟಕ್ಕೆ ತುಳಿಯುತ್ತಿತ್ತು.

"ಕಾಲು!"

ಒಳಗಿನ ದನಿ, ಸ್ಪಷ್ಟವಾಗಿ, ಬೇಸರದಿಂದ.

"ಕಾಲು ಇಳಿಸೇ ಇಲ್ಲ!"

ಅವಳು ಕೆಳಗೆ ನೋಡಿದಳು. ಬಟ್ಟೆಯನ್ನು ಒತ್ತಿ ಹಿಡಿಯುವ ಪುಟ್ಟ ಲೋಹದ ಕಾಲು ಮೇಲೆಯೇ ನಿಂತಿತ್ತು. ಹಳೇ ಮನೆಯಲ್ಲಿ ಮಗಳು ಮೆಷಿನ್ನಿನ ಅಡಿ ಚಿಂದಿ ಆರಿಸುತ್ತಾ ಕೂತಿರುತ್ತಿದ್ದಳು. ಗಿರಾಕಿಗಳೊಡನೆ ಮಾತಾಡುತ್ತಾ ಹೊಲಿಯುತ್ತಿದ್ದ ಅವಳು ದಿನಕ್ಕೊಮ್ಮೆಯಾದರೂ ಇದನ್ನು ಮರೆಯುತ್ತಿದ್ದಳು. ಸದ್ದು ಕೆಟ್ಟ ಕೂಡಲೇ ಅಡಿಯಿಂದ ಕೂಗು ಬರುತ್ತಿತ್ತು: ಕಾಲು! ಎದ್ದು ಬಂದು ಇಳಿಸುವುದೂ ಮಗಳದೇ ಕೆಲಸ. ಬೇರೆಯವರು ಮುಟ್ಟುವಂತಿರಲಿಲ್ಲ.

"ಇಳಿಸೋಳು ಅಲ್ಲಿ ಕೂತಿದ್ರೆ ನಾನೇನು ಮಾಡ್ಲಿ," ಎಂದಳು. ಈಗ ಬಂದದ್ದು ಅವಳದೇ ದನಿ. ಹೇಗೆ ಬಂತೋ.

ಚಿಲಕ ಜಾರಿತು. ಗಂಡ ಎಣ್ಣೆ ಹಾಕಿದ್ದ, ಸದ್ದೇ ಆಗಲಿಲ್ಲ. ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಾಣಿಸಿತು. ಆಮೇಲೆ ಇಡೀ ಮೇಸ್ತ್ರಿ, ಕೈಯಲ್ಲಿ ಆಯುಧದಂತೆ ಹಿಡಿದ ಟೇಪು.

ಎದ್ದು ಓಡಬೇಕೆಂಬ ಕಾಲನ್ನು ಅವಳು ಪೆಡಲಿಗೆ ಒತ್ತಿ ಹಿಡಿದಳು. ಓಡಿದರೆ ಬಾಗಿಲು ಮತ್ತೆ ಮುಚ್ಚೀತು. ಮಗಳು ಸುತ್ತ ನೋಡಿದಳು, ಮಂಚದ ಅಡಿ ಬಗ್ಗಿ ನೋಡಿದಳು, ಹತ್ತಿರ ಬಂದಳು, ಮೆಷಿನ್ನಿನ ಹಿಂದೆ ಕೈ ಹಾಕಿ ಟಕ್ಕೆಂದು ಕಾಲು ಇಳಿಸಿದಳು.

"ಎಷ್ಟ್ ಸಲ ಹೇಳ್ಬೇಕು ನಿಂಗೆ."

"ಮರೆತೋಯ್ತು." ಕತ್ತರಿ ಎಲ್ಲಿಟ್ಟೆ ಎಂದು ಕೇಳುವ ಹಾಗೆ ಕೇಳಿದಳು, "ಪಾಪು ಎಲ್ಲಿ?"

"ಡ್ರಾಯರಲ್ಲಿ. ಕಳ್ರು ಹೋದ್ರಾ?"

ಅವಳು ಕೋಣೆಯ ಕಡೆ ಮೂರು ಹೆಜ್ಜೆ ನಡೆದಳು, ಆಮೇಲೆ ಓಡಿದಳು. ಬೆಂಚಿನ ಅಡಿಯ ಡ್ರಾಯರು. ತೊಟ್ಟಿಲಿನಷ್ಟು ಅಗಲ, ಆಟದ ಸಾಮಾನಿಗೆಂದು ಮಾಡಿದ್ದು, ಬೆರಳು ತಾಗಿಸಿದರೆ ಬೆಣ್ಣೆಯಂತೆ ಜಾರಿ ಮುಚ್ಚಿಕೊಳ್ಳುವಂಥದ್ದು. ಮುಚ್ಚಿರಲಿಲ್ಲ. ಹೊದಿಕೆಯ ತುದಿ ಸಿಕ್ಕಿಕೊಂಡು ಒಂದು ಅಂಗೈಯಷ್ಟು ಉಳಿದಿತ್ತು. ಎಳೆದಳು. ಮರದ ತುಂಡುಗಳ ಪಕ್ಕದಲ್ಲಿ ಕೂಸು ಮುಷ್ಟಿ ಚೀಪುತ್ತಾ, ಕಣ್ಣು ಬಿಟ್ಟುಕೊಂಡು, ಕತ್ತಲೆಯನ್ನು ನೋಡುತ್ತಿತ್ತು. ಬೆಳಕು ಬಿದ್ದದ್ದೇ ತುಟಿ ಸೊಟ್ಟ ಮಾಡಿ ಅಳತೊಡಗಿತು. ಅಷ್ಟು ಒಳ್ಳೆಯ ಅಳುವನ್ನು ಅವಳು ಕೇಳಿರಲಿಲ್ಲ.

ಕಿಟಕಿ ಮುಚ್ಚುವಾಗ ಕೆಳಗೆ ಡ್ರೈವರೂ ಹಾಲಿನಂಗಡಿಯವನೂ ರಜಾಯಿಯ ನಾಲ್ಕು ಮೂಲೆ ಹಿಡಿದು ಆಕಾಶ ನೋಡುತ್ತಾ ನಿಂತದ್ದು ಕಂಡಿತು. ಕೈಸನ್ನೆ ಮಾಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು, ಕೂಸನ್ನು ಎದೆಗೆ ಹಾಕಿಕೊಂಡು, ಗಂಡನಿಗೆ ಫೋನ್ ಮಾಡಿದಳು. "ತೆಗೆದ್ಲು. ಇಬ್ರೂ ಚೆನ್ನಾಗಿದ್ದಾರೆ," ಎಂದು ಅಷ್ಟೇ ಹೇಳಿ ಇಟ್ಟಳು.

ಡ್ರೈವರ್ ಏದುಸಿರು ಬಿಡುತ್ತಾ ರಜಾಯಿ ತಂದುಕೊಟ್ಟರು.

"ಯಾಕೆ ತಂಗಿ, ಅಷ್ಟು ಹೊತ್ತು ತೆಗೀಲಿಲ್ಲ?"

"ನಿನ್ನೆ ಅವಳು ಏನು ಕಟ್ಟಿದ್ಲು ಅಂತ ಕೇಳಿದ್ಲು. ನಂಗೆ ಗೊತ್ತಿರ್ಲಿಲ್ಲ."

"ಬಸ್ಸು," ಎಂದರು ಅವರು, ಇದೇನು ದೊಡ್ಡ ವಿಷಯ ಎನ್ನುವಂತೆ. "ಮೆಟ್ಟಿಲ ಮೇಲೆ ಕಟ್ಟಿ ನನ್ನೇ ಡ್ರೈವರ್ ಮಾಡಿದ್ಲು. ಅರ್ಧ ಗಂಟೆ ಓಡಿಸಿದೀನಿ. ಇಳಿಯಕ್ಕೇ ಬಿಡ್ಲಿಲ್ಲ."

ಅವಳು ತಲೆಯಾಡಿಸಿದಳು. ಅವರು ಹೋದ ಮೇಲೂ ಸ್ವಲ್ಪ ಹೊತ್ತು ತಲೆಯಾಡಿಸುತ್ತಲೇ ಇದ್ದಳು.

ಕೂಸು ಮಲಗಿದ ಮೇಲೆ ಗಂಡನ ಪೆಟ್ಟಿಗೆಯಿಂದ ಸ್ಕ್ರೂಡ್ರೈವರ್ ತೆಗೆದು ಚಿಲಕದ ಮುಂದೆ ಕೂತಳು.

"ಅದು ನಂದು," ಎಂದಳು ಮಗಳು.

"ನಿಂದೇ. ನಿನ್ನ ಕೈಗೇ ಕೊಡ್ತೀನಿ. ಬಾಗಿಲಲ್ಲಿ ಬೇಡ."

"ಮತ್ತೆ ಕಳ್ಳ ಬಂದ್ರೆ?"

"ನನ್ನ ಕರಿ. ಸೋಪು ಮೈಯಲ್ಲಿದ್ರೂ ಬರ್ತೀನಿ."

ಮಗಳು ಅದನ್ನು ಅಳೆದು ನೋಡುವಂತೆ ಅವಳ ಮುಖ ನೋಡಿದಳು. ಆಮೇಲೆ ಸ್ಕ್ರೂಗಳನ್ನು ಹಿಡಿಯಲು ಕೈ ಚಾಚಿದಳು.

ಕೊನೆಯ ಸ್ಕ್ರೂ ಬಿಗಿಯಾಗಿತ್ತು. ಅದರೊಡನೆ ಗುದ್ದಾಡುತ್ತಿರುವಾಗ ಮೆಟ್ಟಿಲ ಮೇಲೆ ಓಡುವ ಹೆಜ್ಜೆ ಕೇಳಿಸಿತು, ಮುಂಬಾಗಿಲ ಬೆಲ್ ಆಯಿತು. ಬಿಡದೆ ಒತ್ತುವ ಬೆರಳು. ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ಏಳಲಿಲ್ಲ.

ಮೇಸ್ತ್ರಿ ಮುಂಬಾಗಿಲಿಗೆ ಹೋಗಿ ನಿಂತಳು. "ಯಾರು?"

"ನಾನು ಕಣೋ ಮೇಸ್ತ್ರಿ. ಅಪ್ಪ."

"ಅಪ್ಪ ಅಂತ ಯಾರ್ ಬೇಕಾದ್ರೂ ಹೇಳ್ಬೋದು. ನಿನ್ನೆ ನಾನು ಏನು ಕಟ್ದೆ?"

ಆ ಬಾಗಿಲೂ ಅವನೇ ಮಾಡಿದ್ದು, ಅದರಲ್ಲೂ ಸಂದಿಯಿರಲಿಲ್ಲ.

"ಮನೆ?" ಎಂದಿತು ಹೊರಗಿನ ದನಿ. "ಮಂಚ?"

ಮಗಳು ತಿರುಗಿ ಪಿಸುಗುಟ್ಟಿದಳು. "ಸುಳಿವು ಕೊಡ್ಲಾ ಅಮ್ಮ?"

ಅವಳು ಗೋಡೆಗೆ ಒರಗಿದ್ದ ಜಾಲರಿಯ ಕಡೆ ನೋಡಿದಳು. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅದರ ಪಕ್ಕದಲ್ಲಿ, ಒಳಗೆ ಬಂದವನ ಕಣ್ಣಿಗೆ ಮೊದಲು ಬೀಳುವ ಹಾಗೆ ಇಟ್ಟಳು.

"ಕೊಡು," ಎಂದಳು. "ನಿಧಾನವಾಗಿ ಕೊಡು."