ಸೊರಗಿದವಕ್ಕೇ ಮೊದಲು

ರಜೆ ಮುಗಿಸಿ ಬಂದ ಬೆಳಿಗ್ಗೆ ಡಾಕ್ಟ್ರಮ್ಮ ಬ್ಯಾಟರಿ ಕೋಣೆಯ ಕಪಾಟು ತೆಗೆದಾಗ, ಅರ್ಧಕ್ಕರ್ಧ ಬ್ಯಾಟರಿಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು.

ಡಾಕ್ಟ್ರಮ್ಮ ಎಂದರೆ ಓದಿ ಪಾಸಾದ ಡಾಕ್ಟರಲ್ಲ. ಎತ್ತರದ ಚಿಮಣಿ, ಛಾವಣಿಗಳ ಬಿರುಕನ್ನು ಡ್ರೋನ್ ಹಾರಿಸಿ ಫೋಟೊ ತೆಗೆದುಕೊಡುವ ಸಣ್ಣ ಕಂಪನಿಯೊಂದರಲ್ಲಿ ಅವಳಿದ್ದಳು. ಬ್ಯಾಟರಿಗಳಲ್ಲಿ ಚಾರ್ಜ್ ಎಷ್ಟಿದೆ, ಆರೋಗ್ಯ ಹೇಗಿದೆ ಎಂದು ನೋಡುವುದು ಅವಳ ಕೆಲಸ. ಅವಳಿಗೆ ಆ ಹೆಸರಿಟ್ಟವನು ಡ್ರೋನ್ ಹಾರಿಸುವ, ಕಂಪನಿ ಯಜಮಾನಿಯ ತಮ್ಮ. ಅವನ ಬಾಯಿ ಸುಮ್ಮನಿರುವುದಿಲ್ಲ. ಆದರೆ ಅವಳು ಬೇಡವೆಂದ ಬ್ಯಾಟರಿಯನ್ನು ಅವನು ಒಂದು ದಿನವೂ ಹಾರಿಸಿದವನಲ್ಲ.

ಅವಳು ಒಂದನ್ನು ಗಾಜಿನ ಮೇಜಿನ ಮೇಲಿಟ್ಟು ಬೆರಳಿನಿಂದ ತಳ್ಳಿದಳು. ನೆಟ್ಟಗಿರುವ ಬ್ಯಾಟರಿ ಕದಲುವುದಿಲ್ಲ. ಇದು ಬುಗುರಿಯ ಹಾಗೆ ತಿರುಗಿತು. ಮೀಟರು ಹಚ್ಚಿದಳು. ಚಾರ್ಜ್ ಪೂರ್ತಿ ಇತ್ತು. ಅವಳು ಹೋಗುವಾಗ ಎಲ್ಲವನ್ನೂ ಅರ್ಧಕ್ಕೆ ಇಳಿಸಿಟ್ಟಿದ್ದಳು. ಈ ಬ್ಯಾಟರಿಗಳ ಸ್ವಭಾವವೇ ಹಾಗೆ, ಸುಮ್ಮನೆ ಇರುವಾಗ ಅರ್ಧ ತುಂಬಿದ್ದರೆ ಕ್ಷೇಮ. ಪೂರ್ತಿ ತುಂಬಿಸಿ ಸೆಕೆಯಲ್ಲಿ ದಿನಗಟ್ಟಲೆ ಬಿಟ್ಟರೆ ಒಳಗೇ ಕೆಡುತ್ತವೆ, ವಯಸ್ಸಾದವು ಉಬ್ಬುತ್ತವೆ.

ಬಾಗಿಲ ಮೇಲೆ ಅವಳೇ ಹಟ ಹಿಡಿದು ಹಾಕಿಸಿದ ಬೋರ್ಡು ಇತ್ತು: 'ನನ್ನನ್ನು ಕೇಳದೆ ಚಾರ್ಜರ್ ಮುಟ್ಟಿದವರಿಗೆ ಇಲ್ಲಿ ಕೆಲಸವಿಲ್ಲ.' ರಜೆಯಲ್ಲಿ ಬೀಗದಕೈ ಇದ್ದದ್ದು ಕಾವಲು ತಾತನ ಬಳಿ ಮಾತ್ರ.

"ತಾತ, ಇವನ್ನ ಚಾರ್ಜಿಗೆ ಹಾಕಿದ್ರಾ?"

"ಹೂಂ ಕಣಮ್ಮ," ತಾತ ಖುಷಿಯಿಂದಲೇ ಹೇಳಿದರು. "ಎಲ್ಲಾ ಅರ್ಧಕ್ಕೇ ನಿಂತಿದ್ವು. ಹೊರಡೋ ಗಡಿಬಿಡೀಲಿ ಮರ್ತಿದ್ದೀಯ ಅಂದ್ಕೊಂಡೆ. ನಿನ್ನ ಮೇಲೆ ಮಾತು ಬರಬಾರದಲ್ಲ."

"ಬೋರ್ಡು ನೋಡ್ಲಿಲ್ವಾ?"

"ನೋಡ್ದೆ. ಅದು ಬೇರೆಯವರಿಗೆ ಅಂದ್ಕೊಂಡೆ."

ಅವಳು ವಿಷಯ ಬಿಡಿಸಿ ಹೇಳಿದಳು. ತಾತ ಪೂರ್ತಿ ಕೇಳಿಸಿಕೊಂಡು, ಸೊಂಟದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟರು. ಮನೆಯಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಸೊಸೆ ಕೂತಲ್ಲಿಂದ ಏಳಲು ಬಿಡುತ್ತಿರಲಿಲ್ಲ. ತೊಂದರೆ ಇದ್ದದ್ದೇ ಅದು. ಈ ಕೋಣೆ ಬಿಟ್ಟರೆ ಅವರಿಗೆ ಕೆಲಸ ಕೊಡುವವರು ಬೇರೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಯಜಮಾನಿ, ಹಿಂದೆಯೇ ತಮ್ಮ ಬಂದರು. ಚಿಮಣಿ ಪರೀಕ್ಷೆಗೆಂದು ಕಾರ್ಖಾನೆಯವರು ಅಂದು ಕುಲುಮೆ ಆರಿಸಿ ಕಾಯುತ್ತಿದ್ದರು. ತಮ್ಮ ಕಪಾಟಿನೊಳಗೆ ಇಣುಕಿದ.

"ಏನ್ ಡಾಕ್ಟ್ರಮ್ಮ, ಎಲ್ಲರಿಗೂ ದಿನ ತುಂಬಿದ ಹಾಗಿದೆ?"

"ಬಾಯಿ ಮುಚ್ಚೋ," ಎಂದಳು ಯಜಮಾನಿ. "ಇವತ್ತಿಗೆ ಸಾಕಾಗುತ್ತಾ ಅದು ಹೇಳಮ್ಮ."

ಡಾಕ್ಟ್ರಮ್ಮ ಒಂದೊಂದನ್ನೇ ಮೇಜಿಗೆ ತಂದು ತಿರುಗಿಸಿ, ಮೂಸಿ, ಮೀಟರು ಹಚ್ಚಿ ನೋಡಿದಳು. ಉಬ್ಬಿದ್ದರಲ್ಲಿ ಹೆಚ್ಚಿನವಕ್ಕೆ ಅವಳೇ ಅಂಟಿಸಿದ್ದ ಕೆಂಪು ಪಟ್ಟಿ ಇತ್ತು. ವಯಸ್ಸಾಗಿದೆ, ಸದ್ಯದಲ್ಲೇ ತೆಗೆದುಹಾಕಬೇಕು ಎಂಬುದರ ಗುರುತು. ಪಟ್ಟಿ ಇಲ್ಲದ ಹೊಸವು ಹೆಚ್ಚುಕಡಿಮೆ ಎಲ್ಲವೂ ಅವಳು ಬಿಟ್ಟುಹೋದ ಹಾಗೆ ಅರ್ಧಕ್ಕೇ ಇದ್ದವು, ನೆಟ್ಟಗಿದ್ದವು.

"ಇವನ್ನ ಯಾಕೆ ಬಿಟ್ರಿ ತಾತ?"

"ಕೆಂಪು ಪಟ್ಟಿ ಇರೋ ಸೊರಗಿದವಕ್ಕೇ ಮೊದಲು ಹಾಕಿದೆ. ಗಟ್ಟಿಮುಟ್ಟಾಗಿರೋವು ಕಾಯ್ಲಿ ಬಿಡು ಅಂತ. ಅಷ್ಟೊತ್ತಿಗೆ ಚಾರ್ಜರ್ರು ಬಿಸಿಯಾಯ್ತು. ಪಾಪ, ಅದಕ್ಕೂ ರೆಸ್ಟು ಬೇಡ್ವಾ?"

ಯಜಮಾನಿಯ ತಮ್ಮ ಏನೋ ಹೇಳಲು ಬಾಯಿ ತೆರೆದವನು, ಅಕ್ಕನ ಮುಖ ನೋಡಿ ಮುಚ್ಚಿಕೊಂಡ.

"ಅಂದ್ರೆ ಹೋದವೆಲ್ಲ ಹೇಗೂ ಹೋಗೋವೇನಾ?" ಎಂದು ಕೇಳಿದಳು ಯಜಮಾನಿ.

ಹೌದು ಎಂದುಬಿಡುವುದು ಸುಲಭವಿತ್ತು. ತಾತ ನೆಲ ನೋಡುತ್ತಿದ್ದರು.

"ಹೆಚ್ಚಿನವು ಹೌದು ಮೇಡಂ. ಚೆನ್ನಾಗಿದ್ದವೂ ಎರಡು ಕೆಟ್ಟಿವೆ. ಇವತ್ತಿನ ಕೆಲಸಕ್ಕೇನೂ ತೊಂದರೆ ಇಲ್ಲ."

ಯಜಮಾನಿ ಬೋರ್ಡಿನ ಕಡೆ ನೋಡಿದಳು, ಮೇಜಿನ ಮೇಲಿದ್ದ ಬೀಗದಕೈ ನೋಡಿದಳು. "ನೀನೇ ಹಾಕಿಸಿದ ಬೋರ್ಡು. ನೀನೇ ಹೇಳು."

"ಮುಟ್ಟಬೇಡಿ ಅಂತ ಬರೆಸಿದೆ, ಯಾಕೆ ಅಂತ ಬರೆಸ್ಲಿಲ್ಲ. ತಾತನಿಗೂ ಹೇಳಿರ್ಲಿಲ್ಲ. ಚಾರ್ಜರಿನ ವೈರು ಇನ್ಮೇಲೆ ನನ್ನ ಹತ್ರ ಇರ್ಲಿ. ಬೀಗದಕೈ ಇವರ ಹತ್ರಾನೇ ಇರ್ಲಿ."

"ಇನ್ನೊಂದು ಸಲ ಹೀಗಾದ್ರೆ?"

"ಆಗ ನಮ್ಮಿಬ್ಬರನ್ನೂ ಮನೆಗೆ ಕಳಿಸಿ."

ಯಜಮಾನಿ, ಚಿಮಣಿಗೆ ಹೊತ್ತಾಯಿತು ಎಂದು ಹೊರಗೆ ನಡೆದಳು. ಅವಳು ಒಪ್ಪಿಕೊಳ್ಳುವ ರೀತಿಯೇ ಅದು. ತಮ್ಮ ಯಾರೂ ಹೇಳದೆಯೇ ಉಬ್ಬಿದ ಬ್ಯಾಟರಿಗಳನ್ನು ಮರಳಿನ ಬಕೆಟ್ಟುಗಳಿಗೆ ಹಾಕಿ ಹಿತ್ತಲಿಗೆ ಸಾಗಿಸಿದ. ಒಂದು ತಮಾಷೆಯನ್ನೂ ಮಾಡಲಿಲ್ಲ.

ಡಾಕ್ಟ್ರಮ್ಮ ಒಳ್ಳೆಯವನ್ನು ಚಾರ್ಜಿಗೆ ಹಾಕಿದಳು. ತಾತ ಬೀಗದಕೈ ಮತ್ತೆ ಸೊಂಟಕ್ಕೆ ಕಟ್ಟಿಕೊಂಡರೂ ಬಾಗಿಲಲ್ಲೇ ನಿಂತಿದ್ದರು.

"ಹಂಗಾದ್ರೆ ಮುಂದಿನ ರಜೇಲಿ ನಾನೇನು ಮಾಡ್ಲಿ?"

"ಏನೂ ಮಾಡಬೇಡಿ ತಾತ."

"ಏನೂ ಮಾಡದೆ ಹೆಂಗೆ ಕೂತಿರೋದು?"

ಇದಕ್ಕೆ ಅವಳು ಯೋಚಿಸಬೇಕಾಯಿತು. "ಕೋಣೆ ಬಿಸಿ ಆಗದ ಹಾಗೆ ನೋಡ್ಕೊಳ್ಳಿ. ಸೆಕೆ ಅನ್ನಿಸಿದ್ರೆ ಕಿಟಕಿ ತೆಗೀರಿ."

"ಅದು ಮಾಡಬಹುದು," ಎಂದು ತಾತ ಕುರ್ಚಿ ಎಳೆದುಕೊಂಡು ಕೂತರು.

ಸ್ವಲ್ಪ ಹೊತ್ತಿನ ಮೇಲೆ ಅವಳು ತಿರುಗಿ ನೋಡಿದಳು. ಕಿಟಕಿ ತೆರೆದಿತ್ತು. ತಮಗೆ ಬೀಸುತ್ತಿದ್ದ ಟೇಬಲ್ ಫ್ಯಾನನ್ನು ತಾತ ಕಪಾಟಿನ ಕಡೆ ತಿರುಗಿಸಿದ್ದರು. ಅವರ ಹಣೆಯಲ್ಲಿ ಬೆವರಿತ್ತು. ಆ ಗಾಳಿಯಿಂದ ಬ್ಯಾಟರಿಗಳಿಗೆ ಅಂಥ ಲಾಭವೇನಿಲ್ಲ, ನಷ್ಟವೂ ಇಲ್ಲ. ಅವಳು ಎದ್ದುಹೋಗಿ ಫ್ಯಾನನ್ನು ತಾತನಿಗೂ ಕಪಾಟಿಗೂ ಬೀಸುವ ಹಾಗೆ ನಡುವೆ ಇಟ್ಟು ಬಂದಳು.