ವಂಶನಕ್ಷೆಯಲ್ಲಿ ಬಿಟ್ಟುಹೋದ ಮಗು

ಆಸ್ಪತ್ರೆಯಲ್ಲಿ ನನ್ನ ಕೆಲಸ ವಂಶನಕ್ಷೆ ಬರೆಯುವುದು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಕಾಯಿಲೆ ಇದ್ದವರಿಗೆ ಒಳಗೆಲ್ಲ ಕಪ್ಪು, ತೀರಿಕೊಂಡವರ ಮೇಲೆ ಒಂದು ಓರೆಗೆರೆ. ಮೂರು ತಲೆಮಾರು ಬರೆಯುವಷ್ಟರಲ್ಲಿ ರೋಗ ಯಾವ ದಾರಿಯಲ್ಲಿ ಇಳಿದು ಬಂದಿದೆ ಅನ್ನುವುದು ಸಾಮಾನ್ಯವಾಗಿ ತಿಳಿಯುತ್ತದೆ. ಪೆನ್ಸಿಲ್ಲಿನಲ್ಲೇ ಬರೆಯುತ್ತೇನೆ, ಏಕೆಂದರೆ ಮನೆತನದ ವಿಷಯದಲ್ಲಿ ಮೊದಲ ಸಲಕ್ಕೇ ನಿಜ ಹೇಳಿದವರನ್ನು ನಾನಿನ್ನೂ ಕಂಡಿಲ್ಲ.

ಅವತ್ತು ಬಂದವರು ಅತ್ತೆ, ಮಾವ, ಮಗ, ಸೊಸೆ. ಕುರ್ಚಿಗಳು ಮೂರೇ ಇದ್ದವು. ನಿಂತವಳು ಸೊಸೆ ಅಂತ ಬೇರೆ ಹೇಳಬೇಕೇ? ಅವಳ ಕೂಸು ಕತ್ತು ನಿಲ್ಲದೆ, ಕೈಕಾಲು ಆಡಿಸಲಾಗದೆ, ವರ್ಷ ತುಂಬುವ ಮೊದಲೇ ತೀರಿಕೊಂಡಿತ್ತು. ಇನ್ನೊಂದು ಮಗುವಿನ ಬಗ್ಗೆ ತಿಳಿಸಿಹೇಳಲಿ ಎಂದು ಡಾಕ್ಟರು ಅವರನ್ನು ನನ್ನ ಹತ್ತಿರ ಕಳಿಸಿದ್ದರು. ಅತ್ತೆ ಬಂದದ್ದು ಮಾತ್ರ ಬೇರೆ ಕೆಲಸಕ್ಕೆ. ದೋಷ ಸೊಸೆಯ ಕಡೆಯದು ಅಂತ ನನ್ನಿಂದ ಹೇಳಿಸಿ ಅವಳನ್ನು ತವರಿಗೆ ಅಟ್ಟಬೇಕಿತ್ತು ಆಕೆಗೆ.

“ಬರ್ಕೊಳ್ಳಿ ಮೇಡಂ. ಇವಳ ಸೋದರಮಾವ ಕುಂಟ.”

“ಲಾರಿ ಹೊಡೆದು ಕಾಲು ಮುರೀತು,” ಎಂದಳು ಸೊಸೆ ಮೆಲ್ಲಗೆ.

“ಚಿಕ್ಕಮ್ಮನ ಮಗಳಿಗೆ ಮೆಳ್ಳೆಗಣ್ಣು. ಅಜ್ಜಿಗೆ ತಲೆ ನೆಟ್ಟಗಿಲ್ಲ. ಹಾಕಿ, ಎಲ್ಲಾ ಕಪ್ಪು ಹಾಕಿ.”

ಸಂತೆಯಲ್ಲಿ ಬದನೆಕಾಯಿ ಆರಿಸುವವರೂ ಇಷ್ಟು ಹುಳುಕು ಹುಡುಕುವುದಿಲ್ಲ.

“ನಿಮ್ಮ ಕಡೆ?” ಎಂದೆ.

“ನಮ್ಮ ಕಡೆ ಎಲ್ಲಾ ಕಲ್ಲುಗುಂಡಿನ ಹಾಗಿದ್ದಾರೆ.”

“ನಿಮಗೆ ಹುಟ್ಟಿ ತೀರಿಕೊಂಡ ಮಕ್ಕಳು?”

“ಒಂದೂ ಇಲ್ಲ.”

ಮಾವ ಕನ್ನಡಕ ತೆಗೆದು ಒರೆಸತೊಡಗಿದರು. “ಇವನಿಗಿಂತ ಮುಂಚೆ ಒಂದು ಗಂಡುಮಗು ಇತ್ತಲ್ಲೇ,” ಎಂದರು. “ಪಾಪ, ಅದಕ್ಕೂ ಕತ್ತು ನಿಲ್ಲಲೇ ಇಲ್ಲ.”

“ನೀವು ಬಾಯಿ ಮುಚ್ಕೊಂಡು ಕೂತ್ಕೊಳ್ರೀ!”

ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವವರು ಅಂತಾರಲ್ಲ, ಅದು ನೆನಪಾಯಿತು. ಆದರೆ ಇದು ಹೆಗ್ಗಣವಲ್ಲ, ಈಕೆ ಹೆತ್ತ ಮಗು. ಅದನ್ನೇ ಹುಟ್ಟಲಿಲ್ಲ ಅಂದುಬಿಟ್ಟಳಲ್ಲ! ಮಗನ ಸಾಲಿನಲ್ಲಿ ಇನ್ನೊಂದು ಚೌಕ ಬರೆದು ಕಪ್ಪು ತುಂಬಿ ಓರೆಗೆರೆ ಎಳೆದೆ. ಮಗ ಒಮ್ಮೆ ಇಣುಕಿ ನೋಡಿ ಮತ್ತೆ ಮೊಬೈಲಿಗೆ ಕಣ್ಣು ನೆಟ್ಟ.

ಗಂಡಹೆಂಡಿರ ರಕ್ತಪರೀಕ್ಷೆಯ ಫಲಿತಾಂಶ ಆಗಲೇ ನನ್ನ ಮೇಜಿನ ಮೇಲಿತ್ತು. “ಇಬ್ಬರಲ್ಲೂ ಈ ಕಾಯಿಲೆಯ ದೋಷ ಅಡಗಿದೆ,” ಎಂದೆ. “ಒಬ್ಬರದ್ದೇ ಆದರೆ ಮಗುವಿಗೆ ಕಾಯಿಲೆ ಬರಲ್ಲ. ಎರಡೂ ಕಡೆಯಿಂದ ಇಳಿದರೆ ಮಾತ್ರ. ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಮೊದಲೇ ಪರೀಕ್ಷೆ ಮಾಡಿ ತಿಳಿಯೋ ದಾರಿ ಇದೆ.”

ಈಗಲಾದರೂ ಆಕೆಗೆ ನಾಚಿಕೆಯಾದೀತು ಎಂದುಕೊಂಡಿದ್ದೆ. ನನ್ನ ಪೆದ್ದುತನ! ಅತ್ತೆಯ ಮುಖ ಅರಳಿತು.

“ಅಂದ್ರೆ, ಈ ದೋಷ ಇಲ್ಲದ ಬೇರೆ ಹುಡುಗಿ ತಂದ್ರೆ, ನನ್ನ ಮಗನಿಗೆ ಹುಟ್ಟೋ ಮಕ್ಕಳು ಚೆನ್ನಾಗಿರ್ತವೆ?”

ಸುಳ್ಳು ಹೇಳುವ ಹಾಗಿಲ್ಲ. “ಈ ಕಾಯಿಲೆ ಬರೋದು ತೀರಾ ಅಪರೂಪ,” ಎಂದೆ. ನನ್ನ ಮಾತು ನನಗೇ ಹೇಸಿಗೆ ಹುಟ್ಟಿಸಿತು. ಒಬ್ಬಳನ್ನು ಉಳಿಸಲು ಹೇಳಿದ ವಿದ್ಯೆಯಿಂದಲೇ ಅವಳನ್ನು ಹೊರಹಾಕುವ ಲೆಕ್ಕ ನಡೆದಿತ್ತು, ಅದೂ ಅವಳೆದುರಿಗೇ. ಗಂಡ ಅನ್ನುವ ಪ್ರಾಣಿ ಮೊಬೈಲಿನ ಮೇಲೆ ಬೆರಳಾಡಿಸುತ್ತಲೇ ಇತ್ತು.

ಸೊಸೆ ಅವನನ್ನೇ ನೋಡುತ್ತ ನಿಂತಿದ್ದಳು. ಅವನು ತಲೆ ಎತ್ತುವುದಿಲ್ಲ ಅಂತ ಖಾತ್ರಿಯಾದ ಮೇಲೆ ನನ್ನತ್ತ ತಿರುಗಿದಳು.

“ನನಗೂ ಹಾಗೇನಾ ಮೇಡಂ? ಈ ದೋಷ ಇಲ್ಲದ ಬೇರೆ ಗಂಡಿನ ಜೊತೆ ಆದ್ರೆ?”

“ಥೂ!” ಅತ್ತೆ ಎದ್ದು ನಿಂತಳು. “ಕಟ್ಟಿಕೊಂಡ ಗಂಡನ ಎದುರಿಗೇ ಇಂಥ ಮಾತಾ? ಅಸಹ್ಯ!”

ಅಷ್ಟು ಹೊತ್ತಿನಲ್ಲಿ ಆಕೆಗೆ ಅಸಹ್ಯ ಅನ್ನಿಸಿದ್ದು ಅದೊಂದೇ ಮಾತು.

“ಹೌದಮ್ಮ,” ಎಂದೆ ಸೊಸೆಗೆ, ಎಲ್ಲರಿಗೂ ಕೇಳುವ ಹಾಗೆ. “ನಿಮಗೂ ಹಾಗೇ.”