ಧಣಿ ಹಾಡಿನ ಉಳಿದರ್ಧ

"ಅಲ್ಲೇ ನಿಲ್ಲೋ ಬೋಳಿಮಗನೆ! ಮೈ ಕೊಡವಿಕೊಂಡು ಬಾ. ಇದೇನು ನಿಮ್ಮಪ್ಪ ಕಟ್ಟಿಸಿದ ಆಫೀಸು ಅಂದ್ಕೊಂಡ್ಯಾ?"

ಮೇಸ್ತ್ರಿ ಕೂಗಿದ್ದು ಬಾಗಿಲಿನಿಂದ. ಚಿಕ್ಕೋನು ಮೆಟ್ಟಿಲ ಕೆಳಗೇ ನಿಂತು ಅಂಗಿ ಕೊಡವಿದ, ತಲೆ ಕೊಡವಿದ, ಚಪ್ಪಲಿ ಬಿಟ್ಟು ಪಾದಕ್ಕೆ ಪಾದ ಉಜ್ಜಿದ. ಕೊಡವಿದರೆ ಹೋಗುವ ಧೂಳಾಗಿದ್ದರೆ ಅವನ ಅಣ್ಣ ಇನ್ನೂ ಬದುಕಿರುತ್ತಿದ್ದ. ಕಲ್ಲು ಕ್ವಾರಿಯ ಧೂಳು ಅಂಗಿಯ ಮೇಲೆ ಕೂರುವುದು ಕಡಿಮೆ, ಎದೆಯೊಳಗೆ ಕೂರುವುದೇ ಹೆಚ್ಚು. ಕೊನೆಕೊನೆಗೆ ಅಣ್ಣ ಒಂದು ಲೋಟ ನೀರು ಕುಡಿಯುವಾಗಲೂ ನಡುನಡುವೆ ನಿಂತು ಉಸಿರು ಎಳೆದುಕೊಳ್ಳಬೇಕಿತ್ತು. ಅದಕ್ಕೂ ಎಷ್ಟೋ ವರ್ಷ ಮುಂಚೆ, ಎದೆ ಗಟ್ಟಿಯಿದ್ದಾಗ ಅವನು ಹಾಡಿದ ಹಾಡುಗಳು ಕ್ಯಾಸೆಟ್ಟಾಗಿ ಬಂದು ಪೇಟೆಯಲ್ಲೆಲ್ಲ ಹೆಸರು ಮಾಡಿದ್ದವು. ಕಲ್ಲೊಡೆಯುವವನ ದನಿ ಅಂತ ದೊಡ್ಡ ದೊಡ್ಡ ಮನೆಗಳಲ್ಲೂ ಹಾಕಿ ಕೇಳುತ್ತಿದ್ದರಂತೆ. ಈಗ ಅದೇ ಆಲ್ಬಂ ಹೊಸದಾಗಿ ಬರುತ್ತಿತ್ತು. ತರುತ್ತಿದ್ದವನು ಕ್ವಾರಿಯ ಧಣಿ. ಅಣ್ಣ ಸತ್ತಾಗ ಮಣ್ಣಿಗೆ ಬಾರದವನು ಈಗ ಅವನ ಹಾಡನ್ನು ತಲೆಯ ಮೇಲೆ ಹೊತ್ತು ತಿರುಗುತ್ತಿದ್ದ.

ಒಳಗೆ ಎ.ಸಿ. ತಂಪು. ಧಣಿ ಸೋಫಾದಲ್ಲಿದ್ದ. ಎದುರಿಗೆ ಪೇಟೆಯಿಂದ ಬಂದ ರೆಕಾರ್ಡಿಂಗಿನವನು, ಅವನ ತೊಡೆಯ ಮೇಲೆ ಲ್ಯಾಪ್‌ಟಾಪು. ಒಂದು ಕುರ್ಚಿ ಖಾಲಿಯಿತ್ತು. ಚಿಕ್ಕೋನ ಕಣ್ಣು ಅದರ ಮೇಲೆ ಬಿದ್ದದ್ದೇ ತಡ, ಮೇಸ್ತ್ರಿ ಅದನ್ನು ಕಾಲಿನಿಂದ ಗೋಡೆಗೆ ತಳ್ಳಿದ. ಚಿಕ್ಕೋನು ನೆಲದ ಮೇಲೆ ಕೂತ. ತಲೆ ಅರ್ಧ ನರೆತಿದ್ದರೂ ಕ್ವಾರಿಯಲ್ಲಿ ಅವನಿಗೆ ಇದ್ದದ್ದು ಆ ಹೆಸರೊಂದೇ. ಅಂಥ ಅಣ್ಣನ ತಮ್ಮನಾಗಿ ಹುಟ್ಟಿದವನು ಮುದುಕನಾದರೂ ಚಿಕ್ಕೋನೇ.

"ಹಳೇ ಟೇಪಲ್ಲಿ ಮೂರು ಹಾಡು ಸಿಕ್ಕಿದೆ, ಆಲ್ಬಂಗೆ ಸೇರದೆ ಉಳಿದಿದ್ದು" ಅಂದ ರೆಕಾರ್ಡಿಂಗಿನವನು. "ಒಂದನ್ನ ಬೋನಸ್ ಹಾಡು ಅಂತ ಕೊನೇಲಿ ಹಾಕ್ತೀವಿ. ನೀವು ಅವರ ತಮ್ಮ ಅಲ್ವಾ, ಕೇಳಿ ಹೇಳಿ."

ಬೋನಸ್ ಎಂಬ ಮಾತನ್ನು ಕ್ವಾರಿಯವರು ಕೇಳಿದ್ದರೇ ಹೊರತು ಕಣ್ಣಲ್ಲಿ ಕಂಡಿರಲಿಲ್ಲ. ಅದು ಕೊನೆಗೂ ಸಿಕ್ಕಿದ್ದು ಸತ್ತವನಿಗೆ. ಚಿಕ್ಕೋನಿಗೆ ನಗು ಬಂತು, ನುಂಗಿಕೊಂಡ.

ಮೊದಲನೆಯದು ಜಲ್ಲಿ ಒಡೆಯುವ ಹೆಂಗಸರು ಮಗುವನ್ನು ಮಲಗಿಸುವ ಹಾಡು. ಅದನ್ನು ಹೇಳುವಾಗ ಅಣ್ಣ ದನಿಯನ್ನು ಎಷ್ಟು ಸಣ್ಣ ಮಾಡಿದ್ದನೆಂದರೆ ಚಿಕ್ಕೋನಿಗೆ ಕಣ್ಣು ತುಂಬಿತು. ಎರಡನೆಯದು ಸಂಜೆ ಖಾಲಿ ಬುತ್ತಿ ಹಿಡಿದು ಮನೆಗೆ ಹೋಗುವವರ ಹಾಡು. ಮೂರನೆಯದು ಶುರುವಾದದ್ದೇ ಅವನು ನೆಟ್ಟಗೆ ಕೂತ.

"ನಮ್ಮ ಧಣಿ ಸಾಕ್ತಾನೆ, ಮಕ್ಕಳ ಹಾಗೆ ಸಾಕ್ತಾನೆ…"

ಹೀಗಂದು ಅಣ್ಣನ ದನಿ ನಿಂತಿತು. ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ಮುಂದಿನ ಸಾಲು.

"ಬೆಟ್ಟ ಒಡೆದು ನಮ್ಮ ಧಣಿ ಅರಮನೆಯ ಕಟ್ಟಿದ…"

ಮತ್ತೆ ಖಾಲಿ.

ಧಣಿಯ ಮುಖ ಅರಳಿತು. "ನೋಡಿದ್ಯಾ! ನನ್ನ ಬಗ್ಗೆನೇ ಹಾಡಿದಾನೆ ಕಣಯ್ಯ. ನಾನೇ ಕೇಳಿರ್ಲಿಲ್ಲ."

ಅವನು ಕೇಳಿರಲಿಲ್ಲ, ಯಾಕೆಂದರೆ ಅವನು ಕೇಳಬಾರದೆಂದೇ ಆ ಹಾಡು ಹುಟ್ಟಿದ್ದು. ಬಂಡೆಗೆ ಸುತ್ತಿಗೆ ಹಾಕುವಾಗ ಮುಂದೆ ನಿಂತವನು ಅರ್ಧ ಸಾಲು ಹೇಳುತ್ತಾನೆ, ಸುತ್ತಿಗೆಗಳು ಮೇಲೇಳುತ್ತವೆ. ಉಳಿದರ್ಧವನ್ನು ಎಲ್ಲರೂ ಸೇರಿ ಹೇಳುತ್ತಾರೆ, ಸುತ್ತಿಗೆಗಳು ಬಂಡೆಯ ಮೇಲೆ ಬೀಳುತ್ತವೆ. ಮುಂದೆ ನಿಂತವನು ಮೇಸ್ತ್ರಿಯ ಕಣ್ಣಿಗೆ ಕಾಣುತ್ತಾನೆ, ಆದ್ದರಿಂದ ಅವನ ಪಾಲಿಗೆ ಯಾವಾಗಲೂ ಹೊಗಳಿಕೆ. ಬೈಗುಳವೆಲ್ಲ ಹಿಂದಿನವರದು. ಅಷ್ಟು ಬಾಯಿ, ಅಷ್ಟು ಸುತ್ತಿಗೆಯ ಸದ್ದು. ಯಾವ ನಾಲಿಗೆ ಏನಂದಿತು ಅಂತ ಯಾವ ಮೇಸ್ತ್ರಿ ಹಿಡಿದಾನು? ಧಣಿ ಮಕ್ಕಳ ಹಾಗೆ ಸಾಕುತ್ತಾನೆ ಅಂತ ಅಣ್ಣ ಅಂದರೆ, "ಕುರಿಯ ಕೇಳಿ ನೋಡಣ್ಣ, ಯಾಕೆ ಸಾಕ್ತಾನೆ ಅಂತ" ಎಂದು ಉಳಿದವರು ಅನ್ನಬೇಕು. ಆ ಉಳಿದವರ ನಡುವೆ ನಿಂತು ಅವರನ್ನು ಹಾಡಿಸುತ್ತಿದ್ದವನು ಚಿಕ್ಕೋನೇ.

"ಮಧ್ಯೆ ಮಧ್ಯೆ ಯಾಕೆ ನಿಲ್ಲಿಸಿದಾರೆ?" ರೆಕಾರ್ಡಿಂಗಿನವನು ಕೇಳಿದ. "ಆವತ್ತಿನ ಇನ್ನೊಂದು ಟೇಪು ಬೂಷ್ಟು ಹಿಡಿದು ಹಾಳಾಗಿದೆ. ಅದ್ರಲ್ಲಿ ಬೇರೆಯವರ ದನಿ ಏನಾದ್ರೂ ಇತ್ತಾ?"

ರೆಕಾರ್ಡಿಂಗಿನ ದಿನ ಅಣ್ಣನೊಬ್ಬನನ್ನೇ ಒಳಗೆ ಕರೆದು ಉಳಿದವರನ್ನೆಲ್ಲ ಹೊರಗಿನ ಜಗಲಿಯಲ್ಲಿ ನಿಲ್ಲಿಸಿ ಬೇರೆ ಮೈಕು, ಬೇರೆ ಟೇಪು ಇಟ್ಟಿದ್ದರು. ಚಿಕ್ಕೋನು ಬಾಯಿ ತೆರೆದ. "ಮೊದಲನೇದು ಹಾಕಿ ಸಾರ್, ಆ ಮಗೂನ ಮಲಗ್ಸೋದು…" ಅನ್ನುವಷ್ಟರಲ್ಲಿ ಕೆಮ್ಮು ಬಂತು.

ಧಣಿ ಕೆಮ್ಮು ಮುಗಿಯುವವರೆಗೂ ಕಾದ. ಆಮೇಲೆ ಅಕ್ಕರೆಯಿಂದಲೇ ಕೇಳಿದ, "ಗೇಟಲ್ಲಿ ಗಾಳಿ ಚೆನ್ನಾಗಿದೆಯೇನೋ?"

"ಇದೆ ಧಣಿ."

"ಡ್ರಿಲ್ಲಿಂಗಿಗೆ ಆಳು ಸಾಲ್ತಿಲ್ಲ ಅಂತ ಮೇಸ್ತ್ರಿ ದಿನಾ ತಲೆ ತಿಂತಾನೆ. ನಾನೇ, ಪಾಪ ಅವನಿಗೆ ಎದೆ ಸರಿ ಇಲ್ಲ, ಗೇಟಲ್ಲೇ ಕೂರ್ಲಿ ಅಂದೆ. ಹೇಳು, ಹಾಡಲ್ಲಿ ಬೇರೆ ಯಾರಾದ್ರೂ ಇದ್ರಾ?"

ಅಣ್ಣನ ನಂತರ ಆ ಡ್ರಿಲ್ಲಿಂಗ್ ಮೆಷೀನು ಹಿಡಿದವನು ಚಿಕ್ಕೋನು. ಅದರ ಬಾಯಿಂದ ಏಳುವ ಬಿಳಿ ಪುಡಿ ಹೇಗೆ ಮೂಗಿನಲ್ಲಿ ಹೊಕ್ಕು ಗಂಟಲಲ್ಲಿ ಗಾರೆಯಾಗುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೇಟಿನ ಹತ್ತಿರ ಒಂದು ಮರವಿತ್ತು. ಈಗ ಗೇಟು ಕಾಯುವ ಅವನ ಸ್ಟೂಲು ಅದರ ಕೆಳಗೆ.

"ಇಲ್ಲ ಸಾರ್" ಅಂದ ರೆಕಾರ್ಡಿಂಗಿನವನ ಕಡೆ ತಿರುಗಿ. "ಒಬ್ಬನೇ ಹಾಡಿದ್ದು. ದಮ್ಮು ಸಾಲ್ತಿರ್ಲಿಲ್ಲ ಅವನಿಗೆ. ಮಧ್ಯೆ ಉಸಿರು ಎಳ್ಕೊಳ್ತಿದ್ದ."

"ಓ, ಹಾಗಾದ್ರೆ ಸುಲಭ. ಖಾಲಿ ಜಾಗ ಕತ್ತರಿಸಿ ಕೂಡಿಸ್ತೀನಿ. ಕೇಳೋರಿಗೆ ಬೇಜಾರಾಗಬಾರ್ದಲ್ಲ."

"ಕವರ್ ಮೇಲೆ ಇದನ್ನೇ ದಪ್ಪ ಅಕ್ಷರದಲ್ಲಿ ಹಾಕಿ" ಅಂದ ಧಣಿ.

ಚಿಕ್ಕೋನು ಹೊರಗೆ ಬಂದು ಚಪ್ಪಲಿ ಮೆಟ್ಟಿದ. ಎದೆಯೊಡೆದು ಸತ್ತವನ ಬಾಯಲ್ಲಿ, ಎದೆಯೊಡೆದವನ ಹೊಗಳಿಕೆ. ಅದನ್ನು ಇಟ್ಟವನು ಬೇರೆ ಯಾರೂ ಅಲ್ಲ, ಒಡಹುಟ್ಟಿದವನು. ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಅನ್ನಿಸಿತು.

ಸಂಜೆ ಅತ್ತಿಗೆ ಜಲ್ಲಿ ರಾಶಿಯ ಮುಂದೆ ಕೂತಿದ್ದಳು. ಗಂಡನಿದ್ದಾಗಲೂ ಅಲ್ಲೇ ಕೂರುತ್ತಿದ್ದಳು, ಈಗಲೂ ಅಲ್ಲೇ. ಬೆರಳುಗಳಿಗೆ ಹಳೇ ಟೈರಿನ ತುಂಡು ಸುತ್ತಿಕೊಂಡು, ಎಡಗೈಯಲ್ಲಿ ಕಲ್ಲು ಹಿಡಿದು, ಬಲಗೈಯ ಸಣ್ಣ ಸುತ್ತಿಗೆಯಿಂದ ಒಡೆಯುತ್ತಾ, ತಲೆಯೆತ್ತದೆ ಕೇಳಿದಳು.

"ಯಾವ್ ಹಾಡಂತೆ?"

ಅವನಿಗೆ ಸುಳ್ಳು ಹೇಳುವಷ್ಟೂ ಧೈರ್ಯವಿರಲಿಲ್ಲ, ನಿಜ ಹೇಳುವಷ್ಟೂ ಇರಲಿಲ್ಲ. "ಧಣಿ ಹಾಡು" ಅಂದ.

ಅತ್ತಿಗೆಯ ಸುತ್ತಿಗೆ ನಿಂತಿತು. "ಯಾವ್ದು? ಕುರಿಯ ಕೇಳಿ ನೋಡಣ್ಣ, ಅದಾ?"

"ಹೂಂ."

"ಅದನ್ನ ಆ ಹಲ್ಕಾ ಸೂಳೆಮಗ ಒಪ್ಪಿದ್ನಾ? ತಲೆ ನೆಟ್ಟಗಿದೆಯಾ ಅವನಿಗೆ?" ಅವಳು ನಗತೊಡಗಿದಳು. ಗಂಡ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಚಿಕ್ಕೋನು ಕಂಡಿರಲಿಲ್ಲ. ಪಕ್ಕದ ರಾಶಿಯವಳಿಗೆ ಕೂಗಿ ಹೇಳಿದಳು, "ಲೇ, ಕೇಳಿದ್ಯೇನೇ? ನಾವು ಬೈದಿದ್ದನ್ನ ಧಣಿ ಮೈಕಲ್ಲಿ ಹಾಕಿಸಿ ಊರಿಗೆಲ್ಲ ಕೇಳಿಸ್ತಾನಂತೆ ಕಣೇ!" ಪಕ್ಕದವಳು ಅದನ್ನು ಆಚೆಯವಳಿಗೆ ಹೇಳಿದಳು. ನಗು ರಾಶಿಯಿಂದ ರಾಶಿಗೆ ದಾಟಿಕೊಂಡು ಡ್ರಿಲ್ಲಿಂಗಿನವರ ತನಕ ಹೋಯಿತು.

"ನಮ್ಮ ದನಿ ಚೆನ್ನಾಗಿ ಕೇಳ್ಸುತ್ತಾ ಮೈದ್ನಾ? ಆವತ್ತು ನಾನು ಹೊಟ್ಟೇಲಿ ಇದ್ದಿದ್ದನ್ನೆಲ್ಲ ಹೊರಗೆ ಹಾಕಿ ಕಿರುಚಿದ್ದೆ."

"ಕೇಳ್ಸುತ್ತೆ ಅತ್ತಿಗೆ" ಅಂದ ಅವನು. ಹೇಳಿದ ಮೇಲೆ ಅಲ್ಲಿ ನಿಲ್ಲಲಾಗದೆ ಗೇಟಿನ ಕಡೆ ನಡೆದ. ಅವಳು ಹಿಂದಿನಿಂದ ಏನೋ ತಮಾಷೆ ಮಾಡುತ್ತಲೇ ಇದ್ದಳು.

ಆಲ್ಬಂ ಬಿಡುಗಡೆಯ ದಿನ ಬರುವವರೆಗೆ ಅವನು ಸರಿಯಾಗಿ ಅನ್ನ ತಿನ್ನಲಿಲ್ಲ. ಮರದ ಕೆಳಗೆ ಕೂತು ಒಳ್ಳೆಯ ಗಾಳಿ ಎಳೆದುಕೊಂಡಾಗಲೆಲ್ಲ ಕದ್ದ ಮಾಲು ತಿನ್ನುತ್ತಿರುವ ಹಾಗೆ ಆಗುತ್ತಿತ್ತು. ಹೋಗುವವರು ಬರುವವರು ಗೇಟಿನಲ್ಲಿ ನಿಂತು ಅವನ ಬೆನ್ನು ತಟ್ಟುತ್ತಿದ್ದರು. "ಭಲೇ ಚಿಕ್ಕೋನೆ, ಧಣಿಗೆ ಚೆನ್ನಾಗಿ ಟೋಪಿ ಹಾಕ್ದೆ ಬಿಡು." ಪ್ರತಿ ಸಲವೂ ಅವನು ಹಲ್ಲು ಬಿಡುತ್ತಿದ್ದ. ಒಮ್ಮೆ ಅತ್ತಿಗೆಗೆ ಎಲ್ಲ ಹೇಳಿಬಿಡೋಣ ಅಂತ ರಾಶಿಯ ತನಕ ಹೋದ. ಅವಳು ಒಗೆದ ಸೀರೆ ಕಲ್ಲಿನ ಮೇಲೆ ಒಣಹಾಕುತ್ತಾ, "ಆವತ್ತಿಗೆ ಉಟ್ಕೊಳ್ಳೋಕೆ" ಅಂದಳು. ಅವನು ವಾಪಸು ಬಂದ.

ಕ್ವಾರಿಯ ಬಯಲಿಗೆ ಬಟ್ಟೆಯ ಚಪ್ಪರ ಬಿತ್ತು. ವೇದಿಕೆಯ ಮೇಲೆ ಅಣ್ಣನ ಫೋಟೊ, ಅಣ್ಣ ಬದುಕಿದ್ದಾಗ ಇದ್ದದ್ದಕ್ಕಿಂತ ದೊಡ್ಡದು. ಕೆಳಗೆ ಮುಂದಿನ ಕುರ್ಚಿಗಳಲ್ಲಿ ಪೇಟೆಯವರು, ಅಧಿಕಾರಿಗಳು. ಅವರ ಹಿಂದೆ ನೆಲದ ಮೇಲೆ ಕ್ವಾರಿಯವರು. ಚಿಕ್ಕೋನಿಗೆ ಆವತ್ತು ಕುರ್ಚಿ ಸಿಕ್ಕಿತು, ವೇದಿಕೆಯ ಮೇಲೆ ಧಣಿಯ ಪಕ್ಕದಲ್ಲೇ. ಅತ್ತಿಗೆ ಹೆಂಗಸರ ಮುಂದಿನ ಸಾಲಿನಲ್ಲಿದ್ದಳು. ಅವಳ ಬಾಯಿ ಮೂಲೆಯಲ್ಲಿ ನಗು ತಡೆದಿಟ್ಟುಕೊಂಡದ್ದು ಅವನಿಗೆ ಅಲ್ಲಿಂದಲೂ ಕಾಣುತ್ತಿತ್ತು.

ಭಾಷಣಗಳಾದ ಮೇಲೆ ಹಾಡು ಹಾಕಿದರು.

"ನಮ್ಮ ಧಣಿ ಸಾಕ್ತಾನೆ, ಮಕ್ಕಳ ಹಾಗೆ ಸಾಕ್ತಾನೆ ಬೆಟ್ಟ ಒಡೆದು ನಮ್ಮ ಧಣಿ ಅರಮನೆಯ ಕಟ್ಟಿದ ನಮ್ಮ ಧಣಿಯ ಮನೆ ಬಾಗ್ಲು ಹಗಲೂ ರಾತ್ರಿ ತೆರೆದಿದೆ…"

ನೆಲದ ಮೇಲೆ ಕೂತವರೆಲ್ಲ ಅಭ್ಯಾಸದ ಮೇಲೆ ಬಾಯಿ ತೆರೆದಿದ್ದರು. ಅವರು ತೆರೆಯುವಷ್ಟರಲ್ಲಿ ಹಾಡು ಮುಂದಿನ ಸಾಲಿಗೆ ಹೋಗಿತ್ತು. ಮತ್ತೆ ತೆರೆದರು, ಮತ್ತೆ ಹೋಯಿತು. ನೀರು ಕುಡಿಯಲು ಉಸಿರು ಸಾಲದೆ ಸತ್ತವನು ಲೌಡ್‌ಸ್ಪೀಕರಿನಲ್ಲಿ ಉಸಿರನ್ನೇ ಎಳೆದುಕೊಳ್ಳದೆ ಹಾಡುತ್ತಿದ್ದ, ಬರೀ ಧಣಿಯನ್ನು ಹೊಗಳುತ್ತಿದ್ದ. ಒಬ್ಬೊಬ್ಬರಾಗಿ ಬಾಯಿ ಮುಚ್ಚಿಕೊಂಡರು. ಅತ್ತಿಗೆಯ ಬಾಯಿ ಮಾತ್ರ ತೆರೆದೇ ಇತ್ತು. ಅವಳು ಫೋಟೊ ನೋಡಿದಳು, ಆಮೇಲೆ ಚಿಕ್ಕೋನನ್ನು ನೋಡಿದಳು. ಆ ನೋಟಕ್ಕೆ ಅವನು ಸತ್ತುಹೋಗಿದ್ದರೆ ಚೆನ್ನಾಗಿತ್ತು, ಸಾಯಲಿಲ್ಲ.

ಕುರ್ಚಿಯವರು ಚಪ್ಪಾಳೆ ತಟ್ಟಿದರು. "ಹೊಡೀರೋ ಚಪ್ಪಾಳೆ, ಕೈ ಏನು ಸೇದೋಗಿದೆಯಾ?" ಅಂತ ಮೇಸ್ತ್ರಿ ಹಿಂದಿನವರಿಗೆ ಗದರಿದ. ಅಲ್ಲಿಂದ ಸದ್ದಿಲ್ಲ. ಅತ್ತಿಗೆ ಎದ್ದಳು. ಒಗೆದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪರ ದಾಟಿ ತನ್ನ ರಾಶಿಯ ಹತ್ತಿರ ಹೋಗಿ, ವೇದಿಕೆಗೆ ಬೆನ್ನು ಹಾಕಿ ಕೂತಳು. ಟಕ್, ಟಕ್ ಅಂತ ಜಲ್ಲಿ ಒಡೆಯತೊಡಗಿದಳು.

"ಈಗ ನಮ್ಮ ಹಾಡುಗಾರನ ತಮ್ಮ ಎರಡು ಮಾತಾಡ್ತಾನೆ" ಅಂದ ಧಣಿ. ಬಗ್ಗಿ ಕಿವಿಯಲ್ಲಿ, "ಥ್ಯಾಂಕ್ಸ್ ಹೇಳಿ ಮುಗ್ಸು, ಹೆಚ್ಚು ಒದರಬೇಡ" ಅಂದ.

ಚಿಕ್ಕೋನು ಮೈಕಿನ ಮುಂದೆ ನಿಂತ. ಅವನು ಥ್ಯಾಂಕ್ಸ್ ಹೇಳಲಿಲ್ಲ. ಅಣ್ಣನ ಸಾಲನ್ನು ಎತ್ತಿಕೊಂಡ.

"ನಮ್ಮ ಧಣಿ ಸಾಕ್ತಾನೆ, ಮಕ್ಕಳ ಹಾಗೆ ಸಾಕ್ತಾನೆ…"

ನಿಲ್ಲಿಸಿದ. ಕ್ವಾರಿಯವರ ಕಡೆ ನೋಡಿದ. ಯಾರೂ ಉಳಿದರ್ಧ ಹೇಳಲಿಲ್ಲ. ಯಾಕೆ ಹೇಳಬೇಕು? ಧಣಿಯ ಪಕ್ಕದ ಕುರ್ಚಿಯಿಂದ ಎದ್ದು ಬಂದವನಿಗೆ? ಮತ್ತೊಮ್ಮೆ ಹೇಳಿದ. ತಲೆ ತಗ್ಗಿಸಿ ಕೂತರು. ಧಣಿ ತಲೆದೂಗುತ್ತಿದ್ದ.

ಆ ಉಳಿದರ್ಧವನ್ನು ಕ್ವಾರಿ ಹುಟ್ಟಿದಾಗಿನಿಂದ ಒಂದೇ ಬಾಯಿ ಯಾವತ್ತೂ ಹೇಳಿರಲಿಲ್ಲ. ಹೇಳಿದವನು ಸಿಕ್ಕಿಬೀಳುತ್ತಾನೆ ಅಂತಲೇ ಅಲ್ಲವೇ ಅದನ್ನು ಎಲ್ಲರಿಗೂ ಹಂಚಿದ್ದು? ಚಿಕ್ಕೋನಿಗೆ ಮರದ ಕೆಳಗಿನ ಸ್ಟೂಲು ಕಣ್ಣಿಗೆ ಬಂತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಕುರಿಯ ಕೇಳಿ ನೋಡಣ್ಣ, ಯಾಕೆ ಸಾಕ್ತಾನೆ ಅಂತ!"

ಧಣಿಯ ತಲೆ ಅರ್ಧದಲ್ಲಿ ನಿಂತಿತು. ಮುಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಏಯ್, ವೈರ್ ಕೀಳೋ! ಆ ನಾಯಿ ಕೈಯಿಂದ ಕಿತ್ಕೊಳ್ರೋ!" ಅಂತ ಧಣಿ ಕಿರುಚಿದ. ಮೇಸ್ತ್ರಿ ಓಡಿದ. ಮೈಕು ಸತ್ತಿತು. ಚಿಕ್ಕೋನು ಬರಿಗಂಟಲಲ್ಲೇ ಮುಂದಿನದನ್ನು ಎತ್ತಿದ.

"ಬೆಟ್ಟ ಒಡೆದು ನಮ್ಮ ಧಣಿ ಅರಮನೆಯ ಕಟ್ಟಿದ…"

ಕೆಮ್ಮು ನುಗ್ಗಿತು. ಉಳಿದರ್ಧಕ್ಕೆ ಉಸಿರೇ ಇರಲಿಲ್ಲ. ಅಣ್ಣನ ಫೋಟೊ ಹಿಡಿದು ಬಗ್ಗಿದ, ಬಾಯಿ ತೆರೆದ, ದನಿ ಹೊರಡಲಿಲ್ಲ. ಮೇಸ್ತ್ರಿ ಅವನ ಕೊರಳಪಟ್ಟಿ ಹಿಡಿದು ವೇದಿಕೆಯ ಮೆಟ್ಟಿಲ ಕಡೆ ಎಳೆದ.

ಆಗ ಜಲ್ಲಿ ರಾಶಿಯ ಕಡೆಯಿಂದ ದನಿ ಬಂತು. ಹೆಣ್ಣು ದನಿ, ಧೂಳು ತಿಂದು ಒಡೆದದ್ದು.

"ಒಡೆದೋರ ಎದೆಯೊಳಗೆ ಬೆಟ್ಟದ ಪುಡಿ ತುಂಬಿದ!"

ಟಕ್ ಎಂದು ಸುತ್ತಿಗೆ ಬಿತ್ತು. ನೆಲದ ಮೇಲೆ ಕೂತಿದ್ದವರಲ್ಲಿ ಒಬ್ಬ ಎದ್ದು ನಿಂತು ಮುಂದಿನ ಸಾಲಿನ ಮೊದಲರ್ಧ ಹೇಳಿದ. ಉಳಿದರ್ಧಕ್ಕೆ ಅಲ್ಲಿದ್ದ ಬಾಯಿಗಳೆಲ್ಲ ತೆರೆದವು, ಮೇಸ್ತ್ರಿ ಯಾರ ಕಡೆ ಓಡಬೇಕೆಂದು ತಿಳಿಯದೆ ಚಿಕ್ಕೋನನ್ನು ಅಲ್ಲೇ ಕೆಡವಿ ನಿಂತ. ಮೆಟ್ಟಿಲ ಮೇಲೆ ಬಿದ್ದಲ್ಲಿಂದ ಚಿಕ್ಕೋನು ತಲೆಯೆತ್ತಿ ರಾಶಿಯ ಕಡೆ ನೋಡಿದ. ಅತ್ತಿಗೆ ಗಟ್ಟಿಯಾಗಿ ಹಾಡುತ್ತಿದ್ದಳು, ಕಲ್ಲು ಒಡೆಯುತ್ತಿದ್ದಳು. ಅವನ ಕಡೆ ತಿರುಗಿ ನೋಡಲಿಲ್ಲ.